ನ್ಯುಮೊಪೆರಿಟೋನಿಯಂ ಮತ್ತು ಅಂಡಾಶಯದ ಅಂಗಾಂಶ

ಉದರದರ್ಶಕ ಶಸ್ತ್ರಚಿಕಿತ್ಸೆಯಲ್ಲಿ (ಲ್ಯಾಪರೊಸ್ಕೋಪಿ) ಕ್ಯಾಮೆರಾ ಮತ್ತು ಉಪಕರಣಗಳ ಚಲನೆಗೆ ಸ್ಥಳಾವಕಾಶ ಕಲ್ಪಿಸಲು ಹೊಟ್ಟೆಯ ಒಳಭಾಗವನ್ನು ಅನಿಲದಿಂದ ಉಬ್ಬಿಸಲಾಗುತ್ತದೆ. ಉದರಕುಹರದಲ್ಲಿ ಹೀಗೆ ಅನಿಲ ತುಂಬಿರುವ ಸ್ಥಿತಿಯನ್ನು ನ್ಯುಮೊಪೆರಿಟೋನಿಯಂ ಎನ್ನುತ್ತಾರೆ. ಈ ಉದ್ದೇಶಕ್ಕೆ ಸಾಮಾನ್ಯವಾಗಿ ಬಳಕೆಯಾಗುವ ಅನಿಲ ಇಂಗಾಲದ ಡೈಆಕ್ಸೈಡ್. ಅನಿಲದ ಒತ್ತಡವು ಹೊಟ್ಟೆಯ ಗೋಡೆಯನ್ನು ಮೇಲೆತ್ತುವುದರ ಜೊತೆಗೆ ಒಳಗಿನ ಅಂಗಗಳನ್ನೂ ಅವುಗಳ ರಕ್ತನಾಳಗಳನ್ನೂ ಒತ್ತುತ್ತದೆ. ಇದರಿಂದ ಅಂಗಗಳಿಗೆ ಹರಿಯುವ ರಕ್ತ ತಾತ್ಕಾಲಿಕವಾಗಿ ಕಡಿಮೆಯಾಗುತ್ತದೆ. ಶಸ್ತ್ರಚಿಕಿತ್ಸೆಯ ಕೊನೆಯಲ್ಲಿ ಅನಿಲವನ್ನು ಹೊರಬಿಟ್ಟಾಗ ರಕ್ತ ಒಮ್ಮೆಲೇ ಮರಳಿ ಹರಿಯುತ್ತದೆ. ರಕ್ತದ ಈ ಇಳಿತ ಮತ್ತು ಮರುಹರಿವಿನಿಂದ ಅಂಡಾಶಯದ ಅಂಗಾಂಶದಲ್ಲಿ ಉತ್ಕರ್ಷಣ ಒತ್ತಡ, ಊತ ಮತ್ತು ಸೂಕ್ಷ್ಮ ರಕ್ತಸ್ರಾವ ಉಂಟಾಗುವುದು ಪ್ರಯೋಗಾಲಯದ ಪ್ರಾಣಿಗಳಲ್ಲಿ ಕಂಡುಬಂದಿದೆ. ಆದರೆ ವಾಡಿಕೆಯ ಒತ್ತಡ ಮತ್ತು ಅವಧಿಯ ಅನಿಲಪೂರಣವೊಂದರಿಂದಲೇ ಮಹಿಳೆಯರ ಸಂತಾನಶಕ್ತಿ ಕುಂದುತ್ತದೆ ಎಂಬುದು ಸಿದ್ಧಪಟ್ಟಿಲ್ಲ.

ಅನಿಲಪೂರಣದ ವಿಧಾನ

ಸಹಜ ಸ್ಥಿತಿಯಲ್ಲಿ ಉದರಕುಹರವು ತೆರೆದ ಪೊಳ್ಳು ಜಾಗವಲ್ಲ. ಕರುಳು, ಗರ್ಭಾಶಯ, ಅಂಡಾಶಯ ಮೊದಲಾದ ಅಂಗಗಳು ಒಂದಕ್ಕೊಂದು ತಾಗಿಕೊಂಡಿದ್ದು, ಅವುಗಳ ನಡುವೆ ತೆಳುವಾದ ದ್ರವದ ಪದರ ಮಾತ್ರ ಇರುತ್ತದೆ. ಇಂತಹ ಜಾಗಕ್ಕೆ ಕ್ಯಾಮೆರಾ ಇಳಿಸಿದರೆ ಏನೂ ಕಾಣುವುದಿಲ್ಲ. ಆದ್ದರಿಂದ ಹೊಕ್ಕುಳಿನ ಬಳಿ ಸೂಜಿಯನ್ನೋ ಕೊಳವೆಯನ್ನೋ ತೂರಿಸಿ ಅನಿಲವನ್ನು ತುಂಬಲಾಗುತ್ತದೆ. ವಯಸ್ಕರಲ್ಲಿ ಇದಕ್ಕೆ ಕೆಲವು ಲೀಟರ್‌ಗಳಷ್ಟು ಅನಿಲ ಬೇಕಾಗುತ್ತದೆ. ಇನ್‌ಸಫ್ಲೇಟರ್ ಎಂಬ ಯಂತ್ರವು ಒಳಗಿನ ಒತ್ತಡವನ್ನು ಸತತವಾಗಿ ಅಳೆಯುತ್ತಾ, ನಿಗದಿಪಡಿಸಿದ ಮಟ್ಟ ತಲುಪಿದಾಗ ಹರಿವನ್ನು ನಿಲ್ಲಿಸುತ್ತದೆ. ಸೋರಿಕೆಯಿಂದ ಒತ್ತಡ ಇಳಿದರೆ ಮತ್ತೆ ತುಂಬುತ್ತದೆ.

ಶಸ್ತ್ರಚಿಕಿತ್ಸೆಯ ಸಮಯದಲ್ಲಿ ಈ ಒತ್ತಡ ಸಾಮಾನ್ಯವಾಗಿ ಪಾದರಸಮಟ್ಟದ 12ರಿಂದ 15 ಮಿ.ಮೀ. ಇರುತ್ತದೆ. 12 ಮಿ.ಮೀ. ಎಂದರೆ ಸುಮಾರು 16 ಸೆಂ.ಮೀ. ಎತ್ತರದ ನೀರಿನ ಸ್ತಂಭವು ತನ್ನ ತಳದಲ್ಲಿ ಹೇರುವಷ್ಟು ಒತ್ತಡ. ಕೇಳಲು ಇದು ಅಲ್ಪವೆನಿಸಬಹುದು. ಆದರೆ ತೀವ್ರ ನಿಗಾ ಘಟಕಗಳಲ್ಲಿ ರೋಗಿಯ ಉದರದೊಳಗಿನ ಒತ್ತಡ 12 ಮಿ.ಮೀ. ಅಥವಾ ಅದಕ್ಕಿಂತ ಹೆಚ್ಚಿನ ಮಟ್ಟದಲ್ಲಿ ಉಳಿದರೆ ಅದನ್ನು ಅಸಹಜ ಅಧಿಕ ಒತ್ತಡವೆಂದು ಪರಿಗಣಿಸಲಾಗುತ್ತದೆ. ಉದರದರ್ಶಕ ಶಸ್ತ್ರಚಿಕಿತ್ಸೆಯಲ್ಲಿ ಅದೇ ಮಟ್ಟವನ್ನು ಉದ್ದೇಶಪೂರ್ವಕವಾಗಿ, ಅರಿವಳಿಕೆ ತಜ್ಞರ ನಿಗಾವಣೆಯಲ್ಲಿ, ಸೀಮಿತ ಅವಧಿಗೆ ಉಂಟುಮಾಡಲಾಗುತ್ತದೆ. ಆರೋಗ್ಯವಂತರು ಇದನ್ನು ಸಾಮಾನ್ಯವಾಗಿ ತಾಳಿಕೊಳ್ಳುತ್ತಾರೆ.

ಇಂಗಾಲದ ಡೈಆಕ್ಸೈಡ್ ಅನಿಲವನ್ನೇ ಆರಿಸಿಕೊಳ್ಳಲು ಸ್ಪಷ್ಟ ಕಾರಣಗಳಿವೆ. ಅದು ಬೆಂಕಿಗೆ ಇಂಬು ಕೊಡುವುದಿಲ್ಲವಾದ್ದರಿಂದ ವಿದ್ಯುತ್ ಉಪಕರಣಗಳಿಂದ ರಕ್ತಸ್ರಾವ ನಿಲ್ಲಿಸುವಾಗ ಅಪಾಯವಿಲ್ಲ. ರಕ್ತದಲ್ಲಿ ಸುಲಭವಾಗಿ ಕರಗುವುದರಿಂದ, ಆಕಸ್ಮಿಕವಾಗಿ ರಕ್ತನಾಳ ಸೇರಿದರೂ ಗಾಳಿಯಷ್ಟು ಅಪಾಯಕಾರಿಯಲ್ಲ. ದೇಹಕ್ಕೆ ಹೀರಿಕೆಯಾದ ಭಾಗವು ಶ್ವಾಸಕೋಶದ ಮೂಲಕ ಹೊರಹೋಗುತ್ತದೆ. ಬೆಲೆಯೂ ಕಡಿಮೆ.

ಇತಿಹಾಸ

ಉದರಕ್ಕೆ ಅನಿಲ ತುಂಬುವ ವಿಧಾನದ ಚರಿತ್ರೆಯಲ್ಲಿ ರಕ್ತದ ಹರಿವಿನ ಪ್ರಶ್ನೆ ಮೊದಲಿನಿಂದಲೂ ಅಡಗಿತ್ತು. ಜರ್ಮನಿಯ ಡ್ರೆಸ್ಡೆನ್‌ನ ವೈದ್ಯ ಗೇಯೋರ್ಗ್ ಕೆಲಿಂಗ್ 1901ರಲ್ಲಿ ಹ್ಯಾಂಬರ್ಗ್‌ನಲ್ಲಿ ನಡೆದ ವಿಜ್ಞಾನಿಗಳ ಮತ್ತು ವೈದ್ಯರ ಸಮ್ಮೇಳನದಲ್ಲಿ ನಾಯಿಯೊಂದರ ಉದರಕ್ಕೆ ಶೋಧಿಸಿದ ಗಾಳಿ ತುಂಬಿ, ಮೂತ್ರಕೋಶದರ್ಶಕದ ನೆರವಿನಿಂದ ಒಳಭಾಗವನ್ನು ತೋರಿಸಿದನು. ಹೊಟ್ಟೆಯೊಳಗಿನ ರಕ್ತಸ್ರಾವವನ್ನು ಗಾಳಿಯ ಒತ್ತಡದಿಂದಲೇ ನಿಲ್ಲಿಸಬಹುದೇ ಎಂಬುದು ಅವನ ಆಸಕ್ತಿಯ ವಿಷಯವಾಗಿತ್ತು. ಅಂದರೆ, ಇಂದು ಅಡ್ಡಪರಿಣಾಮವೆಂದು ಗಣಿಸಲಾಗುವ ರಕ್ತನಾಳಗಳ ಒತ್ತುವಿಕೆಯನ್ನೇ ಅವನು ಚಿಕಿತ್ಸೆಯಾಗಿ ಯೋಚಿಸಿದ್ದನು.

ಸ್ವೀಡನ್ನಿನ ಹಾನ್ಸ್ ಕ್ರಿಶ್ಚಿಯನ್ ಯಾಕೋಬೇಯಸ್ 1910ರಲ್ಲಿ ಈ ಪರೀಕ್ಷೆಯನ್ನು ಮನುಷ್ಯರಲ್ಲಿ ನಡೆಸಿದ ವರದಿ ಪ್ರಕಟಿಸಿದನು. ಸ್ವಿಟ್ಜರ್ಲೆಂಡಿನ ರಿಚರ್ಡ್ ತ್ಸೋಲಿಕೋಫರ್ 1924ರಲ್ಲಿ ಗಾಳಿಯ ಬದಲಿಗೆ ಇಂಗಾಲದ ಡೈಆಕ್ಸೈಡ್ ಬಳಕೆಯನ್ನು ಪ್ರತಿಪಾದಿಸಿದನು. ಹಂಗೆರಿಯ ಯಾನೋಶ್ ವೆರೆಶ್ 1930ರ ದಶಕದಲ್ಲಿ ಕ್ಷಯರೋಗಿಗಳ ಎದೆಗೂಡಿಗೆ ಗಾಳಿ ಹಾಯಿಸಲು ರೂಪಿಸಿದ ಸ್ಪ್ರಿಂಗ್ ಸೂಜಿ ಮುಂದೆ ಉದರದ ಅನಿಲಪೂರಣಕ್ಕೂ ಬಳಕೆಯಾಯಿತು. ಇಂದಿಗೂ ಅದು ಅವನ ಹೆಸರಿನಲ್ಲೇ ಚಾಲ್ತಿಯಲ್ಲಿದೆ. ಪ್ಯಾರಿಸ್ಸಿನ ಸ್ತ್ರೀರೋಗ ತಜ್ಞ ರಾವುಲ್ ಪಾಮೆರ್ 1940ರ ದಶಕದಲ್ಲಿ ತಲೆಯನ್ನು ತಗ್ಗಿಸಿ ಮಲಗಿಸುವ ಭಂಗಿಯಲ್ಲಿ ಸ್ತ್ರೀರೋಗ ಪರೀಕ್ಷೆಗೆ ಈ ವಿಧಾನವನ್ನು ಬೆಳೆಸಿದನು. ಜರ್ಮನಿಯ ಕುರ್ಟ್ ಸೆಮ್ 1960ರ ದಶಕದಲ್ಲಿ ಸ್ವಯಂಚಾಲಿತ ಇನ್‌ಸಫ್ಲೇಟರ್ ಯಂತ್ರವನ್ನು ರೂಪಿಸಿದ ಮೇಲೆ ಒತ್ತಡದ ನಿಖರ ನಿಯಂತ್ರಣ ಸಾಧ್ಯವಾಯಿತು.

ಅಂಡಾಶಯಕ್ಕೂ ಅನಿಲಪೂರಣಕ್ಕೂ ಇರುವ ಸಂಬಂಧವು ಪ್ರನಾಳ ಶಿಶುಗಳ ಯುಗದಲ್ಲಿ ನೇರವಾಗಿ ಚರ್ಚೆಗೆ ಬಂದಿತು. ಇಂಗ್ಲೆಂಡಿನ ಪ್ಯಾಟ್ರಿಕ್ ಸ್ಟೆಪ್ಟೋ ಮತ್ತು ರಾಬರ್ಟ್ ಎಡ್ವರ್ಡ್ಸ್ ಅವರ ಪ್ರಯತ್ನದಿಂದ 1978ರ ಜುಲೈ 25ರಂದು ಓಲ್ಡಮ್‌ನಲ್ಲಿ ಜನಿಸಿದ ಲೂಯಿಸ್ ಬ್ರೌನ್ ಪ್ರನಾಳ ಫಲೀಕರಣದಿಂದ ಹುಟ್ಟಿದ ಮೊದಲ ಮಗು. ಆ ಅಂಡಾಣುವನ್ನು ತಾಯಿಯ ಅಂಡಾಶಯದಿಂದ ಹೊರತೆಗೆದದ್ದು ಉದರದರ್ಶಕದ ಮೂಲಕವೇ. 1980ರ ದಶಕದಲ್ಲಿ, ಇಂಗಾಲದ ಡೈಆಕ್ಸೈಡ್ ತುಂಬಿದ ಉದರದಲ್ಲಿ ಅಂಡಾಣುವನ್ನು ಸುತ್ತುವರಿದ ದ್ರವದ ಪಿಎಚ್ ಮಟ್ಟ ಇಳಿಯುವುದನ್ನು, ಅಂದರೆ ಅದು ಆಮ್ಲೀಯತೆಯತ್ತ ವಾಲುವುದನ್ನು, ಸಂಶೋಧಕರು ಗಮನಿಸಿದರು. ಇದರಿಂದ ಫಲೀಕರಣಕ್ಕೆ ತೊಡಕಾಗಬಹುದೇ ಎಂಬ ಚರ್ಚೆ ನಡೆಯಿತು. ಅಷ್ಟರಲ್ಲಿ ಅಲ್ಟ್ರಾಸೌಂಡ್ ನೆರವಿನಿಂದ ಯೋನಿಮಾರ್ಗವಾಗಿ ಅಂಡಾಣು ಸಂಗ್ರಹಿಸುವ ಸರಳ ವಿಧಾನ ಬಳಕೆಗೆ ಬಂದು, ಅಂಡಾಣು ಸಂಗ್ರಹಕ್ಕೆ ಉದರದರ್ಶಕದ ಅಗತ್ಯ ಬಹುಮಟ್ಟಿಗೆ ತಪ್ಪಿತು. ಆದರೆ ಸ್ತ್ರೀರೋಗ ಶಸ್ತ್ರಚಿಕಿತ್ಸೆಯಲ್ಲಿ ಉದರದರ್ಶಕದ ಬಳಕೆ ಹೆಚ್ಚುತ್ತಲೇ ಹೋದುದರಿಂದ, ಅನಿಲವು ಅಂಡಾಶಯದ ಮೇಲೆ ಏನು ಮಾಡುತ್ತದೆ ಎಂಬ ಪ್ರಶ್ನೆ ಹೊಸ ರೂಪದಲ್ಲಿ ಮುಂದುವರಿಯಿತು.

ಅಂಡಾಶಯದ ರಕ್ತಪೂರೈಕೆ ಮತ್ತು ಅಂಡಾಣು ಸಂಗ್ರಹ

ಗರ್ಭಾಶಯದ ಎರಡೂ ಪಕ್ಕಗಳಲ್ಲಿರುವ ಅಂಡಾಶಯಗಳಿಗೆ ಎರಡು ಮೂಲಗಳಿಂದ ರಕ್ತ ಬರುತ್ತದೆ. ಒಂದು, ಮೂತ್ರಪಿಂಡದ ಅಪಧಮನಿಗಳ ಕೆಳಗೆ ಮಹಾಪಧಮನಿಯಿಂದ ಕವಲೊಡೆದು ಬರುವ ಅಂಡಾಶಯ ಅಪಧಮನಿ. ಇನ್ನೊಂದು, ಗರ್ಭಾಶಯ ಅಪಧಮನಿಯ ಶಾಖೆ. ಅಶುದ್ಧ ರಕ್ತವು ಬಳ್ಳಿಯಂತೆ ಹೆಣೆದುಕೊಂಡ ಅಭಿಧಮನಿಗಳ ಜಾಲದ ಮೂಲಕ ಹೊರಟು, ಬಲಭಾಗದಲ್ಲಿ ಕೆಳ ಮಹಾಭಿಧಮನಿಯನ್ನೂ ಎಡಭಾಗದಲ್ಲಿ ಎಡ ಮೂತ್ರಪಿಂಡದ ಅಭಿಧಮನಿಯನ್ನೂ ಸೇರುತ್ತದೆ. ಈ ಹಾದಿ ಉದ್ದವಾಗಿದ್ದು, ಅದರ ಬಹುಭಾಗ ಉದರದ ಹಿಂಗೋಡೆಯ ಮೇಲೆ ಸಾಗುತ್ತದೆ. ತೆಳುಗೋಡೆಯ ಅಭಿಧಮನಿಗಳು ಹೊರಗಿನ ಒತ್ತಡಕ್ಕೆ ಅಪಧಮನಿಗಳಿಗಿಂತ ಬೇಗ ಬಾಗುತ್ತವೆ.

ಅಂಡಾಶಯದ ಹೊರಪದರದಲ್ಲಿ ಫಾಲಿಕಲ್‌ಗಳೆಂಬ ಸೂಕ್ಷ್ಮ ಚೀಲಗಳಿದ್ದು, ಪ್ರತಿಯೊಂದರಲ್ಲೂ ಒಂದು ಅಪಕ್ವ ಅಂಡಾಣು ಇರುತ್ತದೆ. ಹೆಣ್ಣುಮಗು ಹುಟ್ಟುವಾಗ ಇವುಗಳ ಸಂಖ್ಯೆ ಸುಮಾರು 10ರಿಂದ 20 ಲಕ್ಷ. ಮೈನೆರೆಯುವ ವೇಳೆಗೆ ಅದು ಸುಮಾರು 3ರಿಂದ 4 ಲಕ್ಷಕ್ಕೆ ಇಳಿಯುತ್ತದೆ. ಮುಟ್ಟು ನಿಲ್ಲುವ ಹೊತ್ತಿಗೆ ಉಳಿಯುವುದು ಸಾವಿರದಷ್ಟು. ಜೀವಮಾನದಲ್ಲಿ ಪಕ್ವವಾಗಿ ಬಿಡುಗಡೆಯಾಗುವ ಅಂಡಾಣುಗಳು ಸುಮಾರು 400ರಿಂದ 500 ಮಾತ್ರ. ಉಳಿದವು ತಾವಾಗಿಯೇ ನಶಿಸುತ್ತವೆ. ಚರ್ಮದ ಅಥವಾ ಯಕೃತ್ತಿನ ಜೀವಕೋಶಗಳಂತೆ ಈ ಸಂಗ್ರಹವು ಮರಳಿ ತುಂಬಿಕೊಳ್ಳುವುದಿಲ್ಲ. ಅಂಡಾಶಯಕ್ಕೆ ತಟ್ಟುವ ಅಲ್ಪ ಹಾನಿಯ ಬಗೆಗೂ ಸಂಶೋಧಕರು ಎಚ್ಚರ ವಹಿಸುವುದಕ್ಕೆ ಇದೇ ಮುಖ್ಯ ಕಾರಣ.

ಪರಿಣಾಮಗಳ ಕಾರ್ಯವಿಧಾನ

ಒತ್ತಡ ಮತ್ತು ರಕ್ತದ ಇಳಿತ

ಉದರದ ಅಂಗಗಳಿಗೆ ರಕ್ತವನ್ನು ತಳ್ಳುವ ಬಲವನ್ನು ಸ್ಥೂಲವಾಗಿ ಒಂದು ವ್ಯವಕಲನದಿಂದ ತಿಳಿಯಬಹುದು. ಅಪಧಮನಿಗಳ ಸರಾಸರಿ ರಕ್ತದೊತ್ತಡದಿಂದ ಉದರದೊಳಗಿನ ಒತ್ತಡವನ್ನು ಕಳೆದರೆ ಉಳಿಯುವುದೇ ಆ ಬಲ. ಸರಾಸರಿ ರಕ್ತದೊತ್ತಡ 80 ಮಿ.ಮೀ. ಇರುವ ರೋಗಿಯ ಉದರದಲ್ಲಿ 15 ಮಿ.ಮೀ. ಒತ್ತಡವಿದ್ದರೆ 65 ಮಿ.ಮೀ. ಉಳಿಯುತ್ತದೆ. ಅರಿವಳಿಕೆಯಿಂದ ರಕ್ತದೊತ್ತಡ 60ಕ್ಕೆ ಇಳಿದರೆ ಉಳಿಯುವುದು 45 ಮಾತ್ರ. ಆದ್ದರಿಂದ ಅನಿಲದ ಒತ್ತಡವನ್ನು ರೋಗಿಯ ರಕ್ತದೊತ್ತಡದಿಂದ ಬೇರ್ಪಡಿಸಿ ನೋಡಲಾಗದು.

ಅಪಧಮನಿಗಳಿಗಿಂತ ಹೆಚ್ಚಿನ ತೊಡಕು ಅಭಿಧಮನಿಗಳಲ್ಲಿ ಕಾಣಿಸಿಕೊಳ್ಳುತ್ತದೆ. ಮಲಗಿರುವ ವ್ಯಕ್ತಿಯ ಉದರದ ಅಭಿಧಮನಿಗಳೊಳಗಿನ ಒತ್ತಡ ಸಾಮಾನ್ಯವಾಗಿ 10 ಮಿ.ಮೀ. ಆಸುಪಾಸಿನಲ್ಲಿ ಅಥವಾ ಅದಕ್ಕಿಂತ ಕೆಳಗಿರುತ್ತದೆ. ಹೊರಗಿನ ಒತ್ತಡ ಅದನ್ನು ಮೀರಿದಾಗ ನಾಳಗಳು ಚಪ್ಪಟೆಯಾಗಿ, ಹಿಂದಿನ ಒತ್ತಡ ಏರುವ ತನಕ ರಕ್ತ ಹೊರಹೋಗಲು ತಡೆಯಾಗುತ್ತದೆ. ಒಳಬಂದ ರಕ್ತ ಲೋಮನಾಳಗಳಲ್ಲಿ ತುಂಬಿಕೊಂಡು ಅಂಗಾಂಶ ಊದಿಕೊಳ್ಳುತ್ತದೆ. ಇದಲ್ಲದೆ, ಅನಿಲಪೂರಣದಿಂದ ವಾಸೊಪ್ರೆಸಿನ್ ಮತ್ತು ಅಡ್ರಿನಲಿನ್ ಬಗೆಯ ಹಾರ್ಮೋನುಗಳ ಸ್ರವಿಕೆ ಹೆಚ್ಚಿ ಉದರದ ಸಣ್ಣ ಅಪಧಮನಿಗಳು ಸಂಕುಚಿತಗೊಳ್ಳುತ್ತವೆ.

ಸ್ತ್ರೀರೋಗ ಶಸ್ತ್ರಚಿಕಿತ್ಸೆಗಳಲ್ಲಿ ಕರುಳು ಎದೆಯ ಕಡೆಗೆ ಜಾರಿ ಕಿಬ್ಬೊಟ್ಟೆ ತೆರವಾಗಲೆಂದು ರೋಗಿಯ ತಲೆಯನ್ನು ತಗ್ಗಿಸಿ ಮಲಗಿಸುತ್ತಾರೆ. ಆಗ ಅಂಡಾಶಯವು ಹೃದಯಕ್ಕಿಂತ ಮೇಲಿನ ಮಟ್ಟದಲ್ಲಿರುತ್ತದೆ. ಪ್ರತಿ 13 ಸೆಂ.ಮೀ. ಎತ್ತರಕ್ಕೆ ಅಪಧಮನಿಯ ಒತ್ತಡ ಸುಮಾರು 10 ಮಿ.ಮೀ.ನಷ್ಟು ಇಳಿಯುವುದರಿಂದ, ಈ ಭಂಗಿಯೂ ಅಂಡಾಶಯಕ್ಕೆ ತಲುಪುವ ಬಲವನ್ನು ಸ್ವಲ್ಪ ತಗ್ಗಿಸುತ್ತದೆ.

ಅನಿಲ ವಿಸರ್ಜನೆ ಮತ್ತು ಮರುಹರಿವು

ರಕ್ತ ಕಡಿಮೆಯಾದಾಗ ಆಗುವ ಹಾನಿಗಿಂತ ರಕ್ತ ಮರಳಿದಾಗ ಆಗುವ ಹಾನಿ ಕೆಲವೊಮ್ಮೆ ಹೆಚ್ಚಿರಬಹುದು. ಹೃದಯಾಘಾತ, ಪಾರ್ಶ್ವವಾಯು ಮತ್ತು ಅಂಗಕಸಿಯ ಅಧ್ಯಯನಗಳಿಂದ ಪರಿಚಿತವಾಗಿರುವ ಈ ವಿದ್ಯಮಾನಕ್ಕೆ ರಕ್ತಕೊರತೆ-ಮರುಹರಿವಿನ ಹಾನಿ ಎಂದು ಹೆಸರು. ಆಮ್ಲಜನಕ ಸಾಲದಾದಾಗ ಜೀವಕೋಶಗಳ ಶಕ್ತಿಯ ನಾಣ್ಯವೆನಿಸಿದ ಎಟಿಪಿ ಒಡೆದು, ಹೈಪೊಕ್ಸಾಂಥಿನ್ ಎಂಬ ವಸ್ತು ಸಂಗ್ರಹವಾಗುತ್ತದೆ. ಇದೇ ಹೊತ್ತಿಗೆ ಕ್ಸಾಂಥಿನ್ ಡಿಹೈಡ್ರೋಜಿನೇಸ್ ಎಂಬ ಕಿಣ್ವವು ಕ್ಸಾಂಥಿನ್ ಆಕ್ಸಿಡೇಸ್ ಆಗಿ ಮಾರ್ಪಡುತ್ತದೆ. ಅನಿಲ ಹೊರಬಿಟ್ಟು ರಕ್ತ ಮರಳಿದಾಗ ಆಮ್ಲಜನಕವೂ ಬರುತ್ತದೆ. ಈ ಕಿಣ್ವವು ಹೈಪೊಕ್ಸಾಂಥಿನ್ ಮತ್ತು ಆಮ್ಲಜನಕಗಳನ್ನು ಬಳಸಿಕೊಂಡು ಸೂಪರ್‌ಆಕ್ಸೈಡ್, ಹೈಡ್ರೋಜನ್ ಪೆರಾಕ್ಸೈಡ್ ಮೊದಲಾದ ಪ್ರತಿಕ್ರಿಯಾಶೀಲ ಕಣಗಳನ್ನು ಉತ್ಪಾದಿಸುತ್ತದೆ.

ದೇಹದಲ್ಲಿ ಇವುಗಳನ್ನು ಅಡಗಿಸುವ ವ್ಯವಸ್ಥೆ ಇದೆ. ಸೂಪರ್‌ಆಕ್ಸೈಡ್ ಡಿಸ್ಮ್ಯುಟೇಸ್, ಕ್ಯಾಟಲೇಸ್ ಮತ್ತು ಗ್ಲುಟಾಥಯೋನ್ ಪೆರಾಕ್ಸಿಡೇಸ್ ಆ ಕೆಲಸ ಮಾಡುವ ಪ್ರಮುಖ ಕಿಣ್ವಗಳು. ಉತ್ಪಾದನೆ ಅಡಗಿಸುವ ಸಾಮರ್ಥ್ಯವನ್ನು ಮೀರಿದರೆ ಅದನ್ನು ಉತ್ಕರ್ಷಣ ಒತ್ತಡ ಎನ್ನುತ್ತಾರೆ. ಆಗ ಜೀವಕೋಶಗಳ ಪೊರೆಯ ಕೊಬ್ಬಿನಾಮ್ಲಗಳು ಕೆಡುತ್ತವೆ. ಡಿಎನ್‌ಎ ಮತ್ತು ಪ್ರೋಟೀನುಗಳಿಗೂ ಪೆಟ್ಟಾಗುತ್ತದೆ. ಬಿಳಿರಕ್ತಕಣಗಳು ಆ ಜಾಗಕ್ಕೆ ಧಾವಿಸಿ ಉರಿಯೂತವನ್ನು ಹೆಚ್ಚಿಸುತ್ತವೆ. ಕೊಬ್ಬು ಕೆಟ್ಟಾಗ ಉಂಟಾಗುವ ಮ್ಯಾಲೊಂಡೈಆಲ್ಡಿಹೈಡ್ ಎಂಬ ಸಂಯುಕ್ತದ ಪ್ರಮಾಣವನ್ನು ಹಾನಿಯ ಸೂಚಕವಾಗಿ ಅಳೆಯುವುದು ವಾಡಿಕೆ.

ಅಂಡಾಶಯದಲ್ಲಿ ಪ್ರತಿಕ್ರಿಯಾಶೀಲ ಕಣಗಳು ಸದಾ ಹಾನಿಕಾರಕವೆಂದೇನೂ ಇಲ್ಲ. ಅಂಡಾಣು ಬಿಡುಗಡೆಯಾಗುವ ಸಹಜ ಪ್ರಕ್ರಿಯೆಯಲ್ಲಿ ಅವುಗಳಿಗೆ ನಿಯತವಾದ ಪಾತ್ರವಿದೆ. ಹಾನಿಯಾಗುವುದು ಅವುಗಳ ಪ್ರಮಾಣ ಮಿತಿಮೀರಿದಾಗ.

ಅನಿಲದ ರಾಸಾಯನಿಕ ಮತ್ತು ಭೌತಿಕ ಗುಣಗಳು

ಇಂಗಾಲದ ಡೈಆಕ್ಸೈಡ್ ನೀರಿನೊಡನೆ ಸೇರಿ ಕಾರ್ಬಾನಿಕ್ ಆಮ್ಲವಾಗುತ್ತದೆ. ಶುದ್ಧ ಅನಿಲವನ್ನು ತುಂಬಿದಾಗ ಅಂಗಗಳ ಹೊರಮೈಯಲ್ಲಿ ಪಿಎಚ್ ಇಳಿಯುತ್ತದೆ. ಅಲ್ಲದೆ ಅನಿಲದಲ್ಲಿ ಆಮ್ಲಜನಕವೇ ಇಲ್ಲದಿರುವುದರಿಂದ ಹೊರಪದರದ ಜೀವಕೋಶಗಳಿಗೆ ಆಮ್ಲಜನಕದ ಅಭಾವ ಉಂಟಾಗಬಹುದು. ಸಿಲಿಂಡರಿನಿಂದ ಬರುವ ಅನಿಲ ದೇಹದ ಉಷ್ಣತೆಗಿಂತ ತಂಪಾಗಿಯೂ ಬಹುತೇಕ ತೇವರಹಿತವಾಗಿಯೂ ಇರುತ್ತದೆ. ಅದು ಹರಿದಷ್ಟೂ ಒಳಮೈಯ ತೇವ ಆವಿಯಾಗುತ್ತದೆ. ಹೊಟ್ಟೆಯ ಒಳಪೊರೆಯ ಜೀವಕೋಶಗಳು ಇದರಿಂದ ಸಂಕುಚಿತಗೊಂಡು ಅವುಗಳ ನಡುವಿನ ಬೆಸುಗೆ ಸಡಿಲಾಗುವುದು ಪ್ರಾಣಿಗಳ ಅಂಗಾಂಶವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಕಂಡುಬಂದಿದೆ. ಅಂಡಾಶಯದ ಹೊರಮೈಯನ್ನು ಮುಚ್ಚಿರುವ ಏಕಪದರವು ಇದೇ ಒಳಪೊರೆಯ ಮಾರ್ಪಟ್ಟ ರೂಪವಾದುದರಿಂದ ಅದೂ ಇಂತಹ ಪರಿಣಾಮಕ್ಕೆ ತೆರೆದುಕೊಂಡಿದೆ. ಹೊರಪೊರೆ ಗಾಸಿಗೊಂಡಲ್ಲಿ ಅಂಗಾಂಶಗಳು ಪರಸ್ಪರ ಅಂಟಿಕೊಳ್ಳುವ ಸಾಧ್ಯತೆ ಇರುತ್ತದೆ. ಅಂಡಾಶಯ ಮತ್ತು ಗರ್ಭನಾಳಗಳ ನಡುವೆ ಇಂತಹ ಅಂಟುಗಳಾದರೆ ಅಂಡಾಣುವಿನ ಚಲನೆಗೆ ಅಡ್ಡಿಯಾಗಬಹುದು.

ಪ್ರಾಣಿ ಪ್ರಯೋಗಗಳು

ಈ ವಿಷಯದ ನೇರ ಪ್ರಯೋಗಗಳು ಹೆಚ್ಚಾಗಿ ಇಲಿಗಳ ಮೇಲೆ, ಅಲ್ಪ ಪ್ರಮಾಣದಲ್ಲಿ ಮೊಲಗಳ ಮೇಲೆ ನಡೆದಿವೆ. ಅವುಗಳ ವಿನ್ಯಾಸ ಸಾಮಾನ್ಯವಾಗಿ ಒಂದೇ ಬಗೆಯದು. ಅರಿವಳಿಕೆ ಕೊಟ್ಟ ಪ್ರಾಣಿಗಳನ್ನು ಗುಂಪುಗಳಾಗಿ ವಿಂಗಡಿಸಿ, ಒಂದು ಗುಂಪಿಗೆ ಅನಿಲ ತುಂಬದೆ, ಇತರ ಗುಂಪುಗಳಿಗೆ ಬೇರೆಬೇರೆ ಒತ್ತಡದಲ್ಲಿ ಅಥವಾ ಬೇರೆಬೇರೆ ಅವಧಿಗೆ ಅನಿಲ ತುಂಬಲಾಗುತ್ತದೆ. ಅನಿಲ ಹೊರಬಿಟ್ಟು, ಮರುಹರಿವಿಗೆ ಸಮಯ ಕೊಟ್ಟ ಮೇಲೆ ಅಂಡಾಶಯಗಳನ್ನು ಹೊರತೆಗೆದು ಪರೀಕ್ಷಿಸಲಾಗುತ್ತದೆ.

ಸೂಕ್ಷ್ಮದರ್ಶಕದಲ್ಲಿ ಹುಡುಕುವ ಮುಖ್ಯ ಲಕ್ಷಣಗಳು ಇವು:

• ರಕ್ತನಾಳಗಳಲ್ಲಿ ರಕ್ತ ಕಟ್ಟಿಕೊಂಡು ಹಿಗ್ಗಿರುವುದು
• ಅಂಗಾಂಶದ ನಡುವೆ ದ್ರವ ಸೇರಿ ಊದಿಕೊಂಡಿರುವುದು
• ಸೂಕ್ಷ್ಮ ರಕ್ತಸ್ರಾವ
• ಬಿಳಿರಕ್ತಕಣಗಳ ಒಳನುಸುಳುವಿಕೆ
• ಫಾಲಿಕಲ್‌ಗಳ ಜೀವಕೋಶಗಳು ಶಿಥಿಲಗೊಂಡಿರುವುದು

ಪ್ರತಿ ಲಕ್ಷಣಕ್ಕೂ ತೀವ್ರತೆಗೆ ಅನುಗುಣವಾಗಿ ಅಂಕ ಕೊಟ್ಟು ಗುಂಪುಗಳನ್ನು ಹೋಲಿಸಲಾಗುತ್ತದೆ. ಅಂಗಾಂಶವನ್ನು ಅರೆದು ಮ್ಯಾಲೊಂಡೈಆಲ್ಡಿಹೈಡ್ ಮತ್ತು ರಕ್ಷಕ ಕಿಣ್ವಗಳ ಪ್ರಮಾಣವನ್ನೂ ಅಳೆಯುತ್ತಾರೆ.

ಇಂತಹ ಪ್ರಯೋಗಗಳಲ್ಲಿ ಮತ್ತೆಮತ್ತೆ ಕಂಡುಬಂದಿರುವ ಸಂಗತಿ ಎಂದರೆ, ಅನಿಲ ತುಂಬಿಸಿಕೊಂಡ ಪ್ರಾಣಿಗಳ ಅಂಡಾಶಯದಲ್ಲಿ ಉತ್ಕರ್ಷಣ ಒತ್ತಡದ ಸೂಚಕಗಳು ಏರುತ್ತವೆ ಮತ್ತು ಸೂಕ್ಷ್ಮದರ್ಶಕದ ಅಂಕಗಳು ಹದಗೆಡುತ್ತವೆ. ಒತ್ತಡ ಹಾಗೂ ಅವಧಿ ಹೆಚ್ಚಿದಂತೆ ಪರಿಣಾಮವೂ ಹೆಚ್ಚುವ ಪ್ರವೃತ್ತಿ ಇದೆ. ಹೀಲಿಯಂನಂತಹ ಜಡ ಅನಿಲಗಳನ್ನು ಬಳಸಿ ನಡೆಸುವ ಹೋಲಿಕೆಗಳು ಹಾನಿಯ ಎಷ್ಟು ಭಾಗ ಬರಿಯ ಒತ್ತಡದಿಂದ, ಎಷ್ಟು ಭಾಗ ಇಂಗಾಲದ ಡೈಆಕ್ಸೈಡಿನ ಗುಣದಿಂದ ಎಂದು ಬಿಡಿಸಿ ನೋಡಲು ನೆರವಾಗುತ್ತವೆ.

ಪ್ರಯೋಗಗಳ ಮಿತಿ

ಇಲಿಯಲ್ಲಿ ಕಂಡದ್ದನ್ನು ಮಹಿಳೆಗೆ ನೇರವಾಗಿ ಅನ್ವಯಿಸಲು ಹಲವು ಅಡೆತಡೆಗಳಿವೆ.

ಮೊದಲನೆಯದು ಗಾತ್ರ. ಕೆಲವು ನೂರು ಗ್ರಾಂ ತೂಗುವ ಪ್ರಾಣಿಯ ತೆಳುವಾದ ಉದರಗೋಡೆಯೊಳಗಿನ 12 ಮಿ.ಮೀ. ಒತ್ತಡವೂ ವಯಸ್ಕ ಮಹಿಳೆಯಲ್ಲಿನ ಅದೇ ಅಂಕಿಯೂ ಶಾರೀರಿಕವಾಗಿ ಸಮಾನವೆಂದು ಹೇಳಲಾಗದು. ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ಮಹಿಳೆಯ ಉಸಿರಾಟವನ್ನು ಯಂತ್ರದಿಂದ ನಿಯಂತ್ರಿಸಿ, ರಕ್ತದಲ್ಲಿ ಸೇರುವ ಇಂಗಾಲದ ಡೈಆಕ್ಸೈಡನ್ನು ಹೊರಹಾಕಲಾಗುತ್ತದೆ. ಸಣ್ಣ ಪ್ರಾಣಿಗಳ ಪ್ರಯೋಗಗಳಲ್ಲಿ ಈ ವ್ಯವಸ್ಥೆ ಸದಾ ಇರುವುದಿಲ್ಲ.

ಎರಡನೆಯದು ರಚನೆ. ಇಲಿಯ ಅಂಡಾಶಯವು ತೆಳುಪೊರೆಯ ಚೀಲವೊಂದರೊಳಗೆ ಅಡಕವಾಗಿರುತ್ತದೆ. ಮಾನವರಲ್ಲಿ ಅಂತಹ ಹೊದಿಕೆ ಇಲ್ಲದೆ ಅಂಡಾಶಯವು ಉದರಕುಹರಕ್ಕೆ ನೇರವಾಗಿ ತೆರೆದುಕೊಂಡಿರುತ್ತದೆ. ಅನಿಲದ ನೇರ ಸಂಪರ್ಕದ ಪರಿಣಾಮ ಎರಡರಲ್ಲೂ ಒಂದೇ ಆಗಿರಬೇಕಿಲ್ಲ. ಇಲಿಯ ಅಂಡಾಶಯದ ಚಕ್ರವೂ 4ರಿಂದ 5 ದಿನಗಳಲ್ಲಿ ಮುಗಿಯುತ್ತದೆ.

ಮೂರನೆಯದು ಕಾಲ. ಹೆಚ್ಚಿನ ಪ್ರಯೋಗಗಳು ಅನಿಲ ಬಿಟ್ಟ ಕೆಲವೇ ನಿಮಿಷ ಅಥವಾ ಗಂಟೆಗಳ ನಂತರದ ಚಿತ್ರವನ್ನಷ್ಟೇ ಕೊಡುತ್ತವೆ. ಆಗ ಕಾಣುವ ಊತ ಮತ್ತು ರಕ್ತ ತುಂಬುವಿಕೆ ಮುಂದೆ ವಾಸಿಯಾಗಬಹುದು. ಊದಿಕೊಂಡ ಅಂಗಾಂಶಕ್ಕೂ ಶಾಶ್ವತವಾಗಿ ನಷ್ಟವಾದ ಅಂಡಾಣುಗಳಿಗೂ ವ್ಯತ್ಯಾಸವಿದೆ. ಸಂತಾನಶಕ್ತಿಯ ದೃಷ್ಟಿಯಿಂದ ಮುಖ್ಯವಾದದ್ದು ಎರಡನೆಯದು. ಅದನ್ನು ತಿಳಿಯಲು ಉಳಿದ ಫಾಲಿಕಲ್‌ಗಳ ಎಣಿಕೆ, ನಂತರದ ಗರ್ಭಧಾರಣೆ ಮತ್ತು ಮರಿಗಳ ಸಂಖ್ಯೆಯಂತಹ ದೀರ್ಘಾವಧಿಯ ಅಳತೆಗಳು ಬೇಕಾಗುತ್ತವೆ.

ಮಹಿಳೆಯರಲ್ಲಿ ಪರಿಣಾಮ

ಮಹಿಳೆಯರಲ್ಲಿ ಅಂಡಾಶಯದ ಅಂಗಾಂಶವನ್ನು ಕೇವಲ ಸಂಶೋಧನೆಗಾಗಿ ಕತ್ತರಿಸಿ ತೆಗೆಯುವುದು ನೈತಿಕವಾಗಿ ಸಲ್ಲದು. ಆದ್ದರಿಂದ ಪರೋಕ್ಷ ಸೂಚಕಗಳನ್ನು ಅವಲಂಬಿಸಲಾಗುತ್ತದೆ. ಬೆಳೆಯುತ್ತಿರುವ ಸಣ್ಣ ಫಾಲಿಕಲ್‌ಗಳು ಸ್ರವಿಸುವ ಆಂಟಿ-ಮುಲೇರಿಯನ್ ಹಾರ್ಮೋನಿನ ರಕ್ತಮಟ್ಟ ಮತ್ತು ಅಲ್ಟ್ರಾಸೌಂಡಿನಲ್ಲಿ ಎಣಿಸಬಹುದಾದ ಫಾಲಿಕಲ್‌ಗಳ ಸಂಖ್ಯೆ ಇವುಗಳಲ್ಲಿ ಪ್ರಮುಖವಾದವು.

ಈ ಸೂಚಕಗಳನ್ನು ಅರ್ಥೈಸುವಾಗ ಒಂದು ತೊಡಕು ಎದುರಾಗುತ್ತದೆ. ಅಂಡಾಶಯದ ಮೇಲೆ ನಡೆಯುವ ಶಸ್ತ್ರಚಿಕಿತ್ಸೆಯಲ್ಲಿ ಅನಿಲದ ಜೊತೆಗೆ ಇತರ ಕಾರಣಗಳೂ ಇರುತ್ತವೆ. ಎಂಡೊಮೆಟ್ರಿಯೋಸಿಸ್‌ನಿಂದ ಉಂಟಾದ ಗಡ್ಡೆಯನ್ನು ಸುಲಿದು ತೆಗೆಯುವಾಗ ಅದಕ್ಕೆ ಅಂಟಿದ ಆರೋಗ್ಯಕರ ಅಂಗಾಂಶವೂ ಬರಬಹುದು. ರಕ್ತಸ್ರಾವ ನಿಲ್ಲಿಸಲು ವಿದ್ಯುತ್ ಶಾಖ ಬಳಸಿದರೆ ಸುತ್ತಲಿನ ಫಾಲಿಕಲ್‌ಗಳು ಸುಡಬಹುದು. ಇಂತಹ ಶಸ್ತ್ರಚಿಕಿತ್ಸೆಯ ಬಳಿಕ ಆಂಟಿ-ಮುಲೇರಿಯನ್ ಹಾರ್ಮೋನಿನ ಮಟ್ಟ ಇಳಿಯುವುದು ಸುಪರಿಚಿತ. ಆದರೆ ಆ ಇಳಿತಕ್ಕೆ ಗಡ್ಡೆಯ ಸುಲಿತ ಮತ್ತು ಶಾಖಗಳನ್ನೇ ಮುಖ್ಯ ಕಾರಣವೆಂದು ಪರಿಗಣಿಸಲಾಗುತ್ತದೆ. ಅವುಗಳ ನಡುವೆ ಅನಿಲದ ಪಾಲನ್ನು ಪ್ರತ್ಯೇಕಿಸುವುದು ಕಷ್ಟ.

ಉದರದರ್ಶಕಕ್ಕೆ ಪರ್ಯಾಯವಾದ ತೆರೆದ ಶಸ್ತ್ರಚಿಕಿತ್ಸೆಯೂ ನಿರಪಾಯಕಾರಿಯಲ್ಲ. ಅಲ್ಲಿ ಅಂಗಾಂಶಗಳು ಕೋಣೆಯ ಗಾಳಿಗೆ ತೆರೆದುಕೊಂಡು ಒಣಗುತ್ತವೆ. ಕೈಗವಸು ಹಾಗೂ ಬಟ್ಟೆಯ ಉಜ್ಜುವಿಕೆಗೆ ಒಳಗಾಗುತ್ತವೆ. ದೊಡ್ಡ ಗಾಯ, ಹೆಚ್ಚು ನೋವು, ಹೆಚ್ಚು ದಿನಗಳ ಆಸ್ಪತ್ರೆವಾಸ ಅದರ ಜೊತೆಗಿರುತ್ತವೆ. ಬಂಜೆತನದ ಕಾರಣ ಪತ್ತೆಹಚ್ಚಲು ಉದರದರ್ಶಕ ಪರೀಕ್ಷೆ ದಶಕಗಳಿಂದ ಬಳಕೆಯಲ್ಲಿದ್ದು, ಅದರ ಬಳಿಕ ಗರ್ಭ ಧರಿಸಿದ ಮಹಿಳೆಯರು ಅಸಂಖ್ಯ. ಆದ್ದರಿಂದ ಪ್ರಾಣಿ ಪ್ರಯೋಗಗಳ ಫಲಿತಾಂಶವು ಅಗತ್ಯವಿರುವ ಉದರದರ್ಶಕ ಶಸ್ತ್ರಚಿಕಿತ್ಸೆಯನ್ನು ನಿರಾಕರಿಸಲು ಆಧಾರವಾಗುವುದಿಲ್ಲ. ಒತ್ತಡ ಮತ್ತು ಅವಧಿಯನ್ನು ಅಗತ್ಯಕ್ಕಿಂತ ಹೆಚ್ಚಿಸಬಾರದು ಎಂಬ ಎಚ್ಚರಿಕೆಗೆ ಅದು ಪುಷ್ಟಿ ಕೊಡುತ್ತದೆ.

ವಿಶೇಷ ಸಂದರ್ಭಗಳು

ಅಂಡಾಶಯದ ತಿರುಚುವಿಕೆ

ಅಂಡಾಶಯವು ತನ್ನ ತೊಟ್ಟಿನ ಮೇಲೆ ತಿರುಚಿಕೊಂಡಾಗ ಅದರ ರಕ್ತನಾಳಗಳು ಹಿಂಡಿದಂತಾಗಿ ರಕ್ತದ ಹರಿವು ತೀವ್ರವಾಗಿ ಕುಗ್ಗುತ್ತದೆ. ಇದು ರಕ್ತಕೊರತೆಯ ಬಹು ತೀವ್ರ ರೂಪ; ಅನಿಲಪೂರಣದಿಂದಾಗುವ ಇಳಿತ ಇದರ ಮುಂದೆ ಸೌಮ್ಯವಾದುದು. ತುರ್ತು ಶಸ್ತ್ರಚಿಕಿತ್ಸೆಯಲ್ಲಿ ತಿರುಚನ್ನು ಬಿಡಿಸಿದಾಗ, ಕಪ್ಪಾಗಿ ನೀಲಿಗಟ್ಟಿ ಸತ್ತಂತೆ ಕಂಡ ಅಂಡಾಶಯವೂ ಹಲವು ವೇಳೆ ಚೇತರಿಸಿಕೊಂಡು ಮತ್ತೆ ಫಾಲಿಕಲ್‌ಗಳನ್ನು ಬೆಳೆಸುತ್ತದೆ. ಈ ಕಾರಣದಿಂದ ಯುವತಿಯರಲ್ಲಿ ಅಂಡಾಶಯವನ್ನು ತೆಗೆಯುವ ಬದಲು ಉಳಿಸಿಕೊಳ್ಳುವುದೇ ಇಂದಿನ ಒಲವು. ರಕ್ತಕೊರತೆಯನ್ನು ತಾಳಿಕೊಳ್ಳುವ ಶಕ್ತಿ ಈ ಅಂಗಕ್ಕೆ ಸಾಕಷ್ಟಿದೆ ಎಂಬುದಕ್ಕೆ ಇದು ನಿದರ್ಶನ. ಆದರೆ ಈಗಾಗಲೇ ರಕ್ತವಿಲ್ಲದೆ ಬಳಲಿದ ಅಂಡಾಶಯದ ಮೇಲೆ ಅಧಿಕ ಅನಿಲ ಒತ್ತಡವನ್ನು ದೀರ್ಘಕಾಲ ಹೇರದಿರುವುದು ತರ್ಕಬದ್ಧ.

ಅಂಗಾಂಶದ ಶೀತಸಂರಕ್ಷಣೆ

ಕ್ಯಾನ್ಸರ್ ಚಿಕಿತ್ಸೆಯಿಂದ ಅಂಡಾಶಯ ನಿಷ್ಕ್ರಿಯವಾಗುವ ಸಂಭವವಿರುವ ಬಾಲಕಿಯರು ಮತ್ತು ಯುವತಿಯರಲ್ಲಿ, ಚಿಕಿತ್ಸೆಗೆ ಮೊದಲೇ ಅಂಡಾಶಯದ ತುಣುಕುಗಳನ್ನು ಉದರದರ್ಶಕದ ಮೂಲಕ ತೆಗೆದು ಹೆಪ್ಪುಗಟ್ಟಿಸಿ ಇರಿಸಬಹುದು. ಹೀಗೆ ಕಾಪಿಟ್ಟ ಅಂಗಾಂಶವನ್ನು ಮರುಕಸಿ ಮಾಡಿದ ನಂತರ ಮಗು ಜನಿಸಿದ ಮೊದಲ ವರದಿ 2004ರಲ್ಲಿ ಬೆಲ್ಜಿಯಂನಿಂದ ಪ್ರಕಟವಾಯಿತು. ಮರುಕಸಿಯ ಬಳಿಕ ಹೊಸ ರಕ್ತನಾಳಗಳು ಬೆಳೆಯುವವರೆಗೆ ತುಣುಕುಗಳು ದಿನಗಟ್ಟಲೆ ರಕ್ತಕೊರತೆ ಅನುಭವಿಸುತ್ತವೆ ಮತ್ತು ಗಣನೀಯ ಪ್ರಮಾಣದ ಫಾಲಿಕಲ್‌ಗಳು ಆ ಹಂತದಲ್ಲೇ ನಶಿಸುತ್ತವೆ. ಇಲ್ಲಿ ಪ್ರತಿಯೊಂದು ಫಾಲಿಕಲ್ ಕೂಡ ಅಮೂಲ್ಯವಾದುದರಿಂದ, ಸಂಗ್ರಹದ ವೇಳೆ ರಕ್ತದ ಹರಿವನ್ನು ಕೊನೆಯ ಕ್ಷಣದವರೆಗೆ ಉಳಿಸಿಕೊಳ್ಳಲು ಮತ್ತು ವಿದ್ಯುತ್ ಶಾಖವನ್ನು ತುಣುಕು ಕತ್ತರಿಸಿದ ಮೇಲಷ್ಟೇ ಬಳಸಲು ಶಸ್ತ್ರವೈದ್ಯರು ಗಮನ ಕೊಡುತ್ತಾರೆ.

ಹಾನಿ ತಗ್ಗಿಸುವ ಕ್ರಮಗಳು

ಕಡಿಮೆ ಒತ್ತಡ: ಅತ್ಯಂತ ಸರಳವಾದ ಕ್ರಮ ಇದು. ಯುರೋಪಿಯನ್ ಅಸೋಸಿಯೇಷನ್ ಫಾರ್ ಎಂಡೊಸ್ಕೋಪಿಕ್ ಸರ್ಜರಿ ಸಂಸ್ಥೆ 2002ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯು, ಎಲ್ಲರಿಗೂ ಒಂದೇ ನಿಗದಿತ ಒತ್ತಡವನ್ನು ಬಳಸುವ ಬದಲು ಶಸ್ತ್ರಕ್ಷೇತ್ರ ಸಮರ್ಪಕವಾಗಿ ಕಾಣುವಷ್ಟು ಕನಿಷ್ಠ ಒತ್ತಡವನ್ನು ಬಳಸಬೇಕೆಂದು ಸೂಚಿಸಿತು. ಒತ್ತಡ ಕಡಿಮೆಯಾದಾಗ ಶಸ್ತ್ರಚಿಕಿತ್ಸೆಯ ನಂತರದ ಭುಜದ ನೋವು ಕೂಡ ಕಡಿಮೆಯಾಗುತ್ತದೆ. ಆದರೆ ಒತ್ತಡ ತೀರ ಇಳಿದರೆ ನೋಟ ಮಸುಕಾಗಿ ಕರುಳು ಅಥವಾ ರಕ್ತನಾಳಕ್ಕೆ ಗಾಯವಾಗುವ ಅಪಾಯವಿದೆ. ಸ್ನಾಯುಗಳನ್ನು ಚೆನ್ನಾಗಿ ಸಡಿಲಿಸುವ ಅರಿವಳಿಕೆಯಿಂದ ಕಡಿಮೆ ಒತ್ತಡದಲ್ಲೂ ಸಾಕಷ್ಟು ಜಾಗ ದೊರೆಯುತ್ತದೆ.

ಅವಧಿಯ ಮಿತಿ: ಉಪಕರಣಗಳನ್ನು ಮೊದಲೇ ಸಿದ್ಧವಾಗಿಟ್ಟುಕೊಂಡು ಅನಿಲ ತುಂಬಿದ ಸಮಯವನ್ನು ಕಡಿಮೆ ಮಾಡಬಹುದು. ದೀರ್ಘ ಶಸ್ತ್ರಚಿಕಿತ್ಸೆಗಳಲ್ಲಿ ಬಿಡುವಿನ ವೇಳೆ ಒತ್ತಡ ಇಳಿಸುವುದೂ ಒಂದು ಮಾರ್ಗ.

ಬೆಚ್ಚಗಿನ, ತೇವಯುಕ್ತ ಅನಿಲ: ಅನಿಲವನ್ನು ದೇಹದ ಉಷ್ಣತೆಗೆ ಕಾಯಿಸಿ ತೇವ ಸೇರಿಸುವ ಉಪಕರಣಗಳು ಲಭ್ಯವಿವೆ. ಒಳಪೊರೆ ಒಣಗುವುದನ್ನು ಇವು ತಡೆಯುತ್ತವೆ. ಅನಿಲಕ್ಕೆ ಅಲ್ಪ ಪ್ರಮಾಣದ ಆಮ್ಲಜನಕ ಬೆರೆಸಿದಾಗ ಅಂಗಾಂಶಗಳ ಅಂಟುವಿಕೆ ಕಡಿಮೆಯಾದುದು ಇಲಿಗಳ ಪ್ರಯೋಗಗಳಲ್ಲಿ ಕಂಡುಬಂದಿದೆ.

ಅನಿಲರಹಿತ ವಿಧಾನ: ಉದರಗೋಡೆಯನ್ನು ಯಾಂತ್ರಿಕ ಕೊಕ್ಕೆಗಳಿಂದ ಮೇಲೆತ್ತಿ ಅನಿಲವಿಲ್ಲದೆ ಶಸ್ತ್ರಚಿಕಿತ್ಸೆ ನಡೆಸಬಹುದು. ಇದರಲ್ಲಿ ಒತ್ತಡದ ತೊಂದರೆ ಇರುವುದಿಲ್ಲ. ಆದರೆ ನೋಟದ ವ್ಯಾಪ್ತಿ ಕಿರಿದಾಗುವುದರಿಂದ ಬಳಕೆ ಸೀಮಿತವಾಗಿದೆ.

ಪೂರ್ವಸಿದ್ಧತೆ: ಮುಖ್ಯ ಅನಿಲಪೂರಣಕ್ಕೆ ಮೊದಲು ಕೆಲವು ನಿಮಿಷ ಅನಿಲ ತುಂಬಿ, ಬಿಟ್ಟು, ಮತ್ತೆ ತುಂಬಿದರೆ ಅಂಗಾಂಶಗಳು ರಕ್ತಕೊರತೆಗೆ ಒಗ್ಗಿಕೊಳ್ಳುತ್ತವೆ ಎಂಬ ಊಹೆಯನ್ನು ಪ್ರಾಣಿಗಳಲ್ಲಿ ಪರೀಕ್ಷಿಸಲಾಗಿದೆ.

ಉತ್ಕರ್ಷಣ ನಿರೋಧಕಗಳು: ಮೆಲಟೋನಿನ್, ವಿಟಮಿನ್ ಸಿ ಮತ್ತು ಇ, ಎನ್-ಅಸಿಟೈಲ್‌ಸಿಸ್ಟೀನ್ ಮೊದಲಾದ ವಸ್ತುಗಳು ರಕ್ತಕೊರತೆ-ಮರುಹರಿವಿನ ಹಾನಿಯನ್ನು ತಗ್ಗಿಸಬಲ್ಲವೇ ಎಂಬ ಅಧ್ಯಯನಗಳು ಪ್ರಾಣಿಗಳಲ್ಲಿ ನಡೆದಿವೆ. ಅಂಡಾಶಯದ ರಕ್ಷಣೆಗೆಂದು ಉದರದರ್ಶಕ ಶಸ್ತ್ರಚಿಕಿತ್ಸೆಗೆ ಮೊದಲು ಇವುಗಳನ್ನು ಮಹಿಳೆಯರಿಗೆ ಕೊಡುವುದು ವಾಡಿಕೆಯ ಚಿಕಿತ್ಸೆಯ ಭಾಗವಾಗಿಲ್ಲ.

ನಿಧಾನ ವಿಸರ್ಜನೆ: ಕೊನೆಯಲ್ಲಿ ಅನಿಲವನ್ನು ಒಮ್ಮೆಲೇ ಬಿಡದೆ ಹಂತಹಂತವಾಗಿ ಬಿಟ್ಟರೆ ಮರುಹರಿವು ಸೌಮ್ಯವಾಗುತ್ತದೆ ಎಂಬುದು ಇದರ ಹಿಂದಿನ ಆಲೋಚನೆ. ಉಳಿದ ಅನಿಲವನ್ನು ಸಾಧ್ಯವಾದಷ್ಟು ಹೊರತೆಗೆಯುವುದರಿಂದ ರೋಗಿಯ ನೋವೂ ಕಡಿಮೆಯಾಗುತ್ತದೆ.